ವಕೀಲರಿಗೆ ಒಂದು ಪಾಟೀಸವಾಲು

ಒಮ್ಮೆ ಸಾಕ್ಷಿಕಟ್ಟೆ ಹತ್ತಿ ಇಳಿದವನು ಮತ್ತೆ ಮೊದಲಿನ ಮನುಷ್ಯನಾಗುವುದಿಲ್ಲ. ಎಲ್ಲರ ವಿಷಯ ನನಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಇದು ನಿಜ. ಹಟ್ಟಿಯಂಗಡಿಯಲ್ಲಿ ನಮ್ಮ ನೆರೆಮನೆಯವರ ಬೇಲಿ ವ್ಯಾಜ್ಯಕ್ಕೆ ಸಾಕ್ಷಿ ಹೇಳಲು ಕುಂದಾಪುರದ ಕೋರ್ಟಿಗೆ ಹೋಗಿದ್ದೆ. ಬೇಲಿಯಿಂದ ಬಾವಿಗೆ ಹತ್ತು ಮಾರು ಎಂದೆ. ಎದುರು ಪಕ್ಷದ ವಕೀಲರು ಕನ್ನಡಕ ಒರೆಸುತ್ತ, "ನೀವ್ ಅಳ್ದ್ ಕಂಡಿದ್ರ್ಯಾ ಮಾಸ್ಟ್ರೆ?" ಎಂದು ಮೆಲ್ಲಗೆ ಕೇಳಿದರು. ಅಳೆದಿರಲಿಲ್ಲ. ಆಮೇಲೆ ಅವರು ಕೇಳಿದ್ದಕ್ಕೆಲ್ಲ, ಕಂಡಿಲ್ಲ ಎಂದೇ ಹೇಳಿ ಕಟ್ಟೆ ಇಳಿದೆ. ಅಂದಿನಿಂದ ಅಂದಾಜಿನ ಮಾತೆಂದರೆ ನನಗೆ ನಡುಕ. ಅನ್ನ ಬೆಂದಿದೆಯೇ ನೋಡಿ ಎಂದು ಹೆಂಡತಿ ಹೇಳಿದರೆ, ಮೇಲಿನ ಅಗುಳು ಬೆಂದಿದೆ, ಕೆಳಗಿನದನ್ನು ನಾನು ಕಂಡಿಲ್ಲ ಎನ್ನುತ್ತೇನೆ. ಅವಳು ನನ್ನನ್ನು ಅಡುಗೆಮನೆಗೆ ಕರೆಯುವುದನ್ನೇ ಬಿಟ್ಟಿದ್ದಾಳೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ವಕೀಲರು ದಿಲ್ಲಿಯ ಶಾಸನಸಭೆಗೆ ಆರಿಸಿಬಂದರು. ಕುಂದಾಪುರದ ನಮ್ಮ ಶಾಲೆಯಲ್ಲೇ ಸನ್ಮಾನ. ಸಕ್ಕರೆ ರೇಷನ್ನಿನಲ್ಲಿದ್ದುದರಿಂದ ಬೆಲ್ಲದ ಕಾಫಿ. ಹೊಗಳುವ ಕೆಲಸವನ್ನು ಹೆಡ್‌ಮಾಸ್ತರರು ನನಗೆ ವಹಿಸಿದರು. ಸೇರಿದವರ ಆಸೆ ಒಂದೇ, ಹಟ್ಟಿಯಂಗಡಿಯ ದಾರಿಗೆ ಅಡ್ಡವಾದ ಹೊಳೆಗೆ ಸೇತುವೆ. ನನಗಂತೂ ಅದು ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಶಾಲೆ ಈ ದಡ, ಮನೆ ಆ ದಡ. ಮಳೆಗಾಲದಲ್ಲಿ ದೋಣಿ ತೂಗಿದಾಗಲೆಲ್ಲ ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು, ನೆನಪಿಗೆ ಬಂದ ದೇವರನ್ನೆಲ್ಲ ಕರೆಯುತ್ತೇನೆ.

ದಿಲ್ಲಿಯನ್ನು ನಾನು ಕಂಡಿಲ್ಲ, ಇವರ ಪ್ರಶ್ನೆಯ ರುಚಿ ಮಾತ್ರ ಕಂಡಿದ್ದೇನೆ, ಅಲ್ಲಿಯವರೂ ಅದನ್ನು ಕಾಣಲಿ ಎಂದು ಹೇಳಿ ಕುಳಿತೆ. ವಕೀಲರೇ ಮೊದಲು ನಕ್ಕರು. ಆಮೇಲೆ ಎದ್ದು, ಎರಡು ವರ್ಷದಲ್ಲಿ ಹೊಳೆಗೆ ಸೇತುವೆ ಆಗುತ್ತದೆ ಎಂದರು. ಚಪ್ಪಾಳೆ ಏಳುವ ಮುಂಚಿನ ಆ ಒಂದು ಗಳಿಗೆಯಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

"ನೀವ್ ಹೊಳಿ ಅಳ್ಸಿ ಕಂಡಿದ್ರ್ಯಾ?"

ವಕೀಲರು ನನ್ನನ್ನೇ ನೋಡಿದರು. ಚಪ್ಪಾಳೆಗೆ ಎತ್ತಿದ ಕೈಗಳು ಅಲ್ಲಲ್ಲೇ ನಿಂತವು.

"ಇಲ್ಲೆ ಮಾಸ್ಟ್ರೆ. ಆ ಮಾತ್ ಹಿಂದ್ ತಕಂತೆ."

ಪ್ರಯತ್ನ ಮಾಡುತ್ತೇನೆ ಎಂದಷ್ಟೇ ಸೇರಿಸಿ ಅವರು ಕುಳಿತರು. ಹೆಡ್‌ಮಾಸ್ತರರು ನನ್ನ ಮುಂದಿದ್ದ ಕಾಫಿ ಲೋಟವನ್ನು ಪಕ್ಕದವರ ಕಡೆಗೆ ಸರಿಸಿದರು.

ಸಂಜೆ ದೋಣಿಗೆ ಕಾಯುವಾಗ ಯಾರೂ ನನ್ನೊಡನೆ ಮಾತಾಡಲಿಲ್ಲ. ದೋಣಿ ನಡೆಸುವ ಶೀನ ಮಾತ್ರ ತನ್ನ ಮುಂಡಾಸು ಬಿಚ್ಚಿ ನಡುವಿನ ಹಲಗೆಯನ್ನು ಚೆನ್ನಾಗಿ ಒರೆಸಿದ. "ಬನ್ನಿ ಮಾಸ್ಟ್ರೆ, ಕೂಕಣಿ. ನಮ್ ದೋಣಿ ಉಳ್ಸಿದ್ ನೀವೇ" ಎಂದ. ಇಷ್ಟು ವರ್ಷಗಳಲ್ಲಿ ನನ್ನ ಭಾಷಣವನ್ನು ಒಬ್ಬರು ಮೆಚ್ಚಿದ್ದು ಅದೇ ಮೊದಲು. ನಡುಹೊಳೆಯಲ್ಲಿ ದೋಣಿ ತೂಗಿತು. ನಾನು ಆ ಗೌರವದ ಹಲಗೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.