ಮಾವನ ಬಾಗಿಲಿನ ಪಾಸ್‌ವರ್ಡ್

ನನ್ನ ಸೋದರಮಾವನಿಗೆ ಹೆಂಡತಿಗಿಂತ ಒಂದು ಕಂಪ್ಯೂಟರ್ ಸ್ಕ್ರಿಪ್ಟಿನ ಮೇಲೆ ಹೆಚ್ಚು ನಂಬಿಕೆ ಎಂದರೆ ನಗುತ್ತೀರಿ. ನಗಿ! ಅವನ ಬಾಗಿಲಲ್ಲಿ ನಿಂತಿದ್ದರೆ ನಗುತ್ತಿರಲಿಲ್ಲ.

ಮಾವ ಕೊಟ್ಟೂರಿನ ಹಾಲಿನ ಸಂಘವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಅಲ್ಲಿನ ಪಾಸ್‌ವರ್ಡಿನ ರೋಗ ಮನೆಗೂ ಬಂತು. ಒಳಗಿನಿಂದ ಚಿಲಕ ಹಾಕಿ ಪಾಸ್‌ವರ್ಡ್ ಕೇಳುತ್ತಿದ್ದ. ಯಾವುದಾದರೂ ಊರಿನ ಹೆಸರು, ಸೋಮವಾರಕ್ಕೊಂದು ಹೊಸದು. ಅತ್ತೆ ನಳದಿಂದ ಕೊಡ ಹೊತ್ತು ಬಂದು ಬಿಸಿಲಲ್ಲಿ ನಿಂತು ಕೂಗಬೇಕು.

"ಹೊಳಲು!"

"ಅದು ಹ್ವಾದ ವಾರದ್ದು."

"ನೀಲಗುಂದ! ಹಲವಾಗಲು! ನಿಮ್ಮ ತಲಿ! ಕದಾ ತಗೀರಿ, ಕೊಡ ಜಾರಾಕತ್ತೈತಿ!"

ಸಂಘದಲ್ಲೂ ಅದೇ ಹಟ. ಅಲ್ಲಿ ದಿನಾ ಬೆಳಿಗ್ಗೆ ಒಂದು ಸ್ಕ್ರಿಪ್ಟು, ಅಂದರೆ ಮಾವ ಬರೆದಿಟ್ಟ ಪುಟ್ಟ ಪ್ರೋಗ್ರಾಮು, ತಾನಾಗಿ ಎದ್ದು, ಹಾಲಿನ ಲೆಕ್ಕವೆಲ್ಲ ಇರುವ ಡೇಟಾಬೇಸಿನೊಳಗೆ ಹೋಗಿ, ಯಾರ ಹಾಲಿನಲ್ಲಿ ಎಷ್ಟು ಕೊಬ್ಬು ಎಂದು ಓದಿ, ಅವರವರ ಫೋನಿಗೆ ಕಳಿಸುತ್ತಿತ್ತು. ಒಂದು ಸೋಮವಾರ ಮಾವ ಪಾಸ್‌ವರ್ಡ್ ಬದಲಿಸಿದ, ಸ್ಕ್ರಿಪ್ಟಿಗೆ ಹೇಳಲು ಮರೆತ. ಅದೂ ಅತ್ತೆಯ ಹಾಗೆ ಹೊರಗೇ ನಿಂತಿತು! ಹಾಲು ಹಾಕುವವರು ಬಂದು ಮುತ್ತಿಗೆ ಹಾಕಿದರು.

"ಮೆಸೇಜ್ ಇಲ್ಲಲ್ರಿ! ನಮ್ಮ ಎಮ್ಮಿ ಸತ್ತೈತಿ ಅಂತ ತಿಳಕೊಂಡೀರೇನು?"

ಅವಮಾನಗೊಂಡ ಮಾವ ಸ್ಕ್ರಿಪ್ಟಿಗೇ ಒಂದು ಬೇರೆ ಖಾತೆ ತೆರೆದ. ಇದೇ ಕಂಪ್ಯೂಟರಿನೊಳಗಿಂದ ಈ ಹೆಸರಿನಲ್ಲಿ ಬಂದರೆ ಪಾಸ್‌ವರ್ಡ್ ಕೇಳಬೇಡ ಎಂದು ಡೇಟಾಬೇಸಿಗೆ ತಾಕೀತು ಮಾಡಿದ. ಓದಬಹುದು, ಏನನ್ನೂ ಮುಟ್ಟುವಂತಿಲ್ಲ.

"ಮನಿ ಒಳಗಿನೋರ್ನ ಯಾರ್ ನೀನು ಅಂತ ಕೇಳ್ತಾರೇನಲೇ?" ಎಂದು ನನಗೇ ಪಾಠ ಹೇಳಿದ.

ಅತ್ತೆ ಕೇಳಿಸಿಕೊಂಡಳು. "ನನಗೂ ಹಂಗ ಮಾಡಿಕೊಡ್ರಿ. ಒಳಗ ಬಂದು ಒಲಿ ನೋಡ್ತೀನಿ, ಮುಟ್ಟಂಗಿಲ್ಲ. ರೊಟ್ಟಿ ನೀವ ಬಡಕೊಳ್ರಿ!"

ಮಾವ ನಕ್ಕನೇ? ನಕ್ಕ ಎಂದು ಬರೆದರೆ ಪ್ರಬಂಧ ಚಂದವಾಗುತ್ತದೆ. ನೆನಪು ಹೀಗೆ ಎಲ್ಲಕ್ಕೂ ಇಸ್ತ್ರಿ ಹಾಕುತ್ತದೆ, ನಂಬಬೇಡಿ. ಮರುದಿನವೂ ಚಿಲಕ ಬಿದ್ದಿತ್ತು. ಯಂತ್ರಕ್ಕೆ ಸಿಕ್ಕ ಮರ್ಯಾದೆ ಅತ್ತೆಗೆ ಸಿಗಲಿಲ್ಲ.

ಈಗ ಮಾವ ನಿವೃತ್ತ. ಸ್ಕ್ರಿಪ್ಟು ಇಂದಿಗೂ ಯಾರ ಹಂಗಿಲ್ಲದೆ ಒಳಗೆ ಹೋಗಿ ಬರುತ್ತಿದೆ. ಮಾವನ ತಲೆಯಿಂದ ಮಾತ್ರ ಹೆಸರುಗಳು, ಆಮೇಲೆ ಮುಖಗಳು, ಒಂದೊಂದಾಗಿ ಹೊರಟುಹೋದವು. ಮೊನ್ನೆ ನಾನೂ ಅತ್ತೆಯೂ ಸಂತೆಯಿಂದ ಬಂದರೆ ಕದ ಹಾಕಿತ್ತು.

"ಯಾರು?"

ಅತ್ತೆ ಹಳೆಯ ಊರುಗಳನ್ನೆಲ್ಲ ಕೂಗಿದಳು. ಕೊನೆಗೆ ತನ್ನ ಹೆಸರನ್ನೂ ಕೂಗಿದಳು. ಯಾವುದೂ ನಡೆಯಲಿಲ್ಲ.

"ನಾನ್ರೀ," ಎಂದಳು ಸಣ್ಣಗೆ.

ಚಿಲಕ ಸರಿಯಿತು. ಮಾವ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಗುರುತು ಸಿಗಲಿಲ್ಲ. ಅದು ಅತ್ತೆಗೂ ತಿಳಿಯಿತು.

"ಯಾರರ ಇರವ್ವಾ," ಎಂದು ಮಾವ ಪಕ್ಕಕ್ಕೆ ಸರಿದ. "ಬಿಸಿಲು ಭಾಳ ಐತಿ. ಒಳಗ ಬಾ."