ಸಾಹೇಬ್ರ, ಕೈ ಎತ್ತಿ ತಿರುಗ್ರಿ

"ಖಾಕಿ ಹೊಲಿಯೂದು ನಿನ್ನ ಕೈಲೆ ಆಗಂಗಿಲ್ಲವಾ" ಎಂದು ಮೊದಲು ಹೇಳಿದವರು ನಮ್ಮ ಭಾವ, ಯಜಮಾನರ ಅಣ್ಣ. ಆಗ ನಮ್ಮ ಯಜಮಾನರು ತೀರಿಕೊಂಡು ತಿಂಗಳಾಗಿತ್ತು. ಹುನಗುಂದದ ನಮ್ಮ ಓಣಿಯ ಟೇಲರ್ ಅಂಗಡಿ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿತ್ತು. ಹೊಲಿಯುತ್ತಿದ್ದವರು ಮಾತ್ರ ನಮ್ಮವರೊಬ್ಬರೇ. ಗಿರಾಕಿಗಳೆಲ್ಲ ಪೊಲೀಸರು.

"ಗಂಡಸರ ಸೊಂಟಕ್ಕ ಟೇಪು ಹೆಂಗ ಸುತ್ತತಿ? ಹೆಂಗಸಿಗೆ ಅಳತಿ ಕೊಡೋ ಗಂಡಸನ್ನ ನಾ ಇನ್ನೂ ಕಂಡಿಲ್ಲ. ದೀಪಾವಳಿ ತನಕ ನೋಡ್ತೇನಿ. ಆಮ್ಯಾಲ ಅಂಗಡಿ ಬಿಡು. ಅಮೀನಗಡದವರು ಕರದಂಟಿನ ಅಂಗಡಿ ಹಾಕ್ತೇವಂತ ಕೇಳ್ಯಾರ" ಎಂದರು.

ಯಜಮಾನರ ಪಕ್ಕದಲ್ಲಿ ಕುಳಿತು ಹೊಲಿಗೆ ಕಲಿತಿದ್ದೆ. ನಾನು ಬಿಡಲಿಲ್ಲ. ಅದಾದ ಮೇಲೆ ಕಾನ್ಸ್‌ಟೇಬಲ್ ಆಗಿ ಬಂದವರು ನನ್ನ ಟೇಪಿನ ಮುಂದೆಯೇ ದಫೇದಾರರಾದರು, ಸಾಹೇಬರಾದರು. ಇಲಾಖೆಯವರು ದೊಡ್ಡವರಾಗುವುದನ್ನು ನಾನು ಇಂಚಿನಲ್ಲಿ ನೋಡಿದ್ದೇನೆ. ಇಂಥ ಅಂಗಡಿಯಲ್ಲಿ ಕುಳಿತವಳು ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಬೂಟು ಹಾಕಿಕೊಂಡು ಬರುತ್ತದೆ.

ಎರಡು ಸುತ್ತು

ಮೊದಲು ಬಂದವನು ಬೇವೂರಿನ ಹುಡುಗ. ಬೀರಪ್ಪನ ಒಕ್ಕಲು, ಕುರಿ ಕಾಯುತ್ತಲೇ ಓದಿ ಕಾನ್ಸ್‌ಟೇಬಲ್ ಆದವನು. ಸೋಮವಾರ ಠಾಣೆಗೆ ಹಾಜರಾಗಬೇಕಿತ್ತು. ಬಾಗಲಕೋಟೆಯ ಟೇಲರುಗಳು ಯಾರೂ ಅಷ್ಟರಲ್ಲಿ ಆಗುವುದಿಲ್ಲ ಎಂದಿದ್ದರಂತೆ.

ಅವನು ಬಾಗಿಲಲ್ಲಿ ನಿಂತ. ನಾನು ಮಷೀನಿನ ಹಿಂದೆ ನಿಂತೆ. ಅವನು ನೆಲ ನೋಡಿದ, ನಾನು ಗೋಡೆ ನೋಡಿದೆ. ಓಣಿಯ ಆ ಕಡೆ ಭಾವ ಕಟ್ಟೆಯ ಮೇಲೆ ಕುಳಿತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅವರ ನಗೆ ನೋಡಿಯೇ ನನಗೆ ಬುದ್ಧಿ ಹೊಳೆಯಿತು.

"ತಮ್ಮಾ, ಟೇಪಿನ ಈ ತುದಿ ನಿನ್ನ ಬೆಲ್ಟಿನಾಗ ಸಿಗಸ್ಕೋ. ಆ ತುದಿ ನಾ ಹಿಡೀತೇನಿ. ಈಗ ಕೈ ಎತ್ತಿ ತಿರುಗು."

ಟೇಪು ಸೊಂಟಕ್ಕೆ ಸುತ್ತುವ ಬದಲು ಸೊಂಟವೇ ಟೇಪಿಗೆ ಸುತ್ತಿಕೊಂಡಿತು. ನಾನು ಮುಟ್ಟಲಿಲ್ಲ, ಅವನು ನಾಚಲಿಲ್ಲ. ಆದರೆ ಹುಡುಗನಿಗೆ ತರಬೇತಿ ಹೊಸದು. ತಿರುಗು ಎಂದಾಗ ತಿರುಗಿದ, ನಿಲ್ಲು ಎಂದು ನಾನು ಹೇಳಲೇ ಇಲ್ಲ. ಎರಡು ಸುತ್ತು ತಿರುಗಿಬಿಟ್ಟ. ನಾನು ಟೇಪಿನಲ್ಲಿ ಕಂಡ ಅಂಕಿಗೇ ಕತ್ತರಿ ಹಾಕಿದೆ. ಹುಡುಗ ಕಡ್ಡಿಯಂತಿದ್ದಾನೆ, ಅಂಕಿ ಇಷ್ಟು ದೊಡ್ಡದೇಕೆ ಎಂದು ಅನುಮಾನ ಬಂದಿತ್ತು. ನೌಕರಿ ಸೇರಿದ ಮೇಲೆ ಪೊಲೀಸರು ಸೊಂಟದಲ್ಲಿ ಬೆಳೆಯುತ್ತಾರೆ ಎಂದು ಕೇಳಿದ್ದೆ. ಇಲಾಖೆಯೇ ಹೀಗೆ ಹೊಲಿಸುತ್ತದೇನೋ ಎಂದುಕೊಂಡೆ.

ಭಾನುವಾರ ಅವನು ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. "ಅಕ್ಕಾರ, ಇದರಾಗ ನಾನೂ ನಮ್ಮ ಸಾಹೇಬ್ರೂ ಕೂಡೇ ಬಂದೋಬಸ್ತಿಗೆ ಹೋಗಬಹುದ್ರಿ."

ಭಾವ ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ರಾತ್ರಿಯೊಳಗೆ ಬಿಚ್ಚಿ ಮತ್ತೆ ಹೊಲಿದು ಕೊಟ್ಟೆ. ಸುದ್ದಿ ಠಾಣೆ ಮುಟ್ಟಿತು. ಮರುದಿನ ಹೊಟ್ಟೆ ಮುಂದೆ ಮಾಡಿಕೊಂಡು ಅಲ್ಲಿಯ ಹಿರಿಯ ದಫೇದಾರರು ಬಂದರು. ಇನ್ನು ಬೈಗುಳ ಗ್ಯಾರಂಟಿ ಎಂದು ಎದ್ದು ನಿಂತೆ.

"ಯವ್ವಾ, ಬಟ್ಟಿ ಒಳಗ ಜಾಗ ಬಿಡೋ ಟೇಲರ್ ನೀನ ಏನು?"

"ಹೂನ್ರಿ, ತಪ್ಪಾತ್ರಿ."

"ತಪ್ಪಲ್ಲವಾ ಅದು! ಇಷ್ಟು ವರ್ಷ ಅಂಥಾವರನ್ನ ಹುಡಿಕ್ಯಾಡಕತ್ತೇನಿ. ಎಲ್ಲಾರೂ ಇವತ್ತಿನ ಹೊಟ್ಟಿಗೆ ಹೊಲೀತಾರ. ಬಡ್ತಿ ಬಂದಾಗ ಏನ್ ಮಾಡೂದು?"

ಕೈ ಎತ್ತಿ ತಿರುಗಿದರು. ದೀಪಾವಳಿ ಬರುವುದರೊಳಗೆ ಅರ್ಧ ಠಾಣೆ ನನ್ನ ಮುಂದೆ ತಿರುಗಿತ್ತು. ಊರವರಿಗೆಲ್ಲ "ಕೈ ಎತ್ರಿ" ಎನ್ನುವ ಪೊಲೀಸರು ಕೈ ಎತ್ತುವ ಅಂಗಡಿ ತಾಲೂಕಿನಲ್ಲಿ ಅದೊಂದೇ.

ಉಳಿದವು ಎಲ್ಲಿ?

ಅದೇ ದಫೇದಾರರಿಗೆ ಕಡೆಗೂ ಎ.ಎಸ್.ಐ. ಬಡ್ತಿ ಬಂತು. ದಫೇದಾರರ ತೋಳಿನ ಮೇಲೆ ಮೂರು ಪಟ್ಟಿ. ಎ.ಎಸ್.ಐ. ಆದರೆ ಅವು ಹೋಗಿ ಭುಜದ ಮೇಲೆ ಒಂದು ಸ್ಟಾರು, ಜೊತೆಗೆ ಒಂದು ಕೆಂಪು-ನೀಲಿ ಪಟ್ಟಿ ಬರುತ್ತದೆ. ನಾನು ಮೂರನ್ನೂ ಬಿಚ್ಚಿ, ಹೊಸದನ್ನು ಕೂಡಿಸಿ, ಇಸ್ತ್ರಿ ಮಾಡಿ ಕಳಿಸಿದೆ.

ಗಳಿಗೆ ಹೊತ್ತಿಗೆ ಅವರ ಹೆಂಡತಿ ಅಂಗಿ ಹಿಡಿದುಕೊಂಡು ಓಣಿಗೆಲ್ಲ ಕೇಳುವಂತೆ ಬಂದರು.

"ಏನವಾ, ನಂಬಿ ಕೊಟ್ರ ಹಿಂಗ ಮಾಡೂದು? ಮೂರು ಇದ್ದೂವು. ಒಂದು ಚುಕ್ಕಿ ಕೂಡ್ರಿಸಿ ಕೊಟ್ಟೀ. ಉಳಿದವು ಎಲ್ಲಿ?"

"ಅಕ್ಕಾ, ಇದು ಮ್ಯಾಲಿಂದು. ಮೂರಕ್ಕಿಂತ ಈ ಒಂದು ದೊಡ್ಡದು."

"ನನಗ ಲೆಕ್ಕಾ ಕಲಸ್ತಿಯಾ? ಒಂದು ಹೆಂಗ ಮೂರಕ್ಕಿಂತ ದೊಡ್ಡದು?"

ಅಷ್ಟರಲ್ಲಿ ಎ.ಎಸ್.ಐ. ಸಾಹೇಬರೇ ಬನಿಯನ್ನಿನಲ್ಲಿ ಓಡಿ ಬಂದರು. ಅವರಿಗೆ ಇದ್ದ ಒಂದೇ ಅಂಗಿ ಹೆಂಡತಿಯ ಕೈಯಲ್ಲಿತ್ತು. ಅವರೂ ಹೇಳಿದರು, ನಾನೂ ಹೇಳಿದೆ. ಆಕೆ ಅರೆಮನಸ್ಸಿನಿಂದ ಒಪ್ಪಿ ಹೊರಟರು. ಬಾಗಿಲ ತನಕ ಹೋಗಿ ತಿರುಗಿ ಬಂದು ಸೆರಗು ಒಡ್ಡಿದರು.

"ಆ ಮೂರೂ ಕೊಡು. ದೇವರ ಮಾಡದಾಗ ಇಡ್ತೇನಿ. ನಾಳೆ ಈ ಒಂದು ಬಾಳಲಿಲ್ಲಂದ್ರ ಹಳೇವಾದ್ರೂ ಇರಲಿ."

ಕಾಲರಿನ ಕಡೆ ಹೋಗೇತಿ

ನಾನು ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು. ಓದಲು ಕಲಿತದ್ದು ಅಂಗಡಿಯಲ್ಲಿ. ನಮೂನೆ ಕತ್ತರಿಸಲು ರದ್ದಿ ಪೇಪರು ತರುತ್ತಿದ್ದೆವು. ಕತ್ತರಿಸುವ ಮುಂಚೆ ಒಂದೊಂದು ಸಾಲನ್ನು ಬೆರಳಿಟ್ಟು ಓದುತ್ತಿದ್ದೆ. ಕೂಡಿಸಿ ಓದಲು ಬಂದ ಮೇಲೆ ಆ ಜಂಬ ತಡೆಯಲಾಗದೆ ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ.

ಒಂದು ದಿನ ಆಗಿನ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರು ಅಂಗಿ ಒಯ್ಯಲು ಬಂದಿದ್ದರು. ಕತ್ತರಿಸಿದ ಪೇಪರಿನಲ್ಲಿ ಅವರದೇ ಹೆಸರು ಕಂಡಿತು.

"ಸಾಹೇಬ್ರ, ನಿಮಗ ವರ್ಗಾ ಆಗೇತಂತ್ರಿ!"

ಅವರ ಕೈಯಲ್ಲಿದ್ದ ಚಹಾ ಬಸಿಯೊಳಗೆ ಚೆಲ್ಲಿತು. "ವರ್ಗಾ? ಎಲ್ಲಿಗೆ?"

ನೋಡಿದೆ. ಮುಂದಿನ ಸಾಲು ಇರಲಿಲ್ಲ. "ಅದು ಕಾಲರಿನ ಕಡೆ ಹೋಗೇತ್ರಿ."

"ಯಾರ ಕಾಲರು?"

"ಆಗಲೇ ಕತ್ತರಿಸಿದೆನಲ್ರಿ, ಆ ನಮೂನಿ."

ಸಾಹೇಬರು ಮನೆಗೆ ಫೋನು ಹಚ್ಚಿದರು. "ಸಾಮಾನು ಕಟ್ಟಾಕ ಸುರು ಮಾಡು. ಹೂಂ, ವರ್ಗಾ ಆಗೇತಿ. ಎಲ್ಲಿಗೆ ಅಂತ ಗೊತ್ತಿಲ್ಲ, ಅದು ಕಾಲರಿನಾಗೈತಿ. ಕುಡದಿಲ್ಲ ಮಾರಾಯ್ತಿ, ಡ್ಯೂಟಿ ಮ್ಯಾಲ ಅದೀನಿ!"

ಫೋನು ಇಟ್ಟು ಸಾಹೇಬರು, ಅವರ ಡ್ರೈವರ್, ನಾನು ಮೂವರೂ ನೆಲಕ್ಕೆ ಕುಳಿತು ಚಿಂದಿ ಕೆದರಿದೆವು. ತೋಳು ಸಿಕ್ಕಿತು, ಕಿಸೆ ಸಿಕ್ಕಿತು. ಕಾಲರು ಡ್ರೈವರನ ಬೂಟಿನ ಕೆಳಗಿತ್ತು. ಸಾಹೇಬರು ಅದನ್ನು ಬಲ್ಬಿನ ಬೆಳಕಿಗೆ ಹಿಡಿದು ಓದಿದರು. 'ಬಾದಾಮಿಯಿಂದ ಹುನಗುಂದಕ್ಕೆ' ಎಂದಿತ್ತು.

ಅವರು ಪೇಪರು ನೋಡಿದರು, ಹೊರಗಿನ ಓಣಿ ನೋಡಿದರು, ನನ್ನನ್ನು ನೋಡಿದರು.

"ಪೇಪರು ರದ್ದಿದ್ರಿ ಸಾಹೇಬ್ರ. ಹಳೇದು" ಎಂದೆ.

ಅವರು ಮತ್ತೆ ಫೋನು ಹಚ್ಚಿದರು. "ಸಾಮಾನು ಬಿಚ್ಚು. ನಾವು ಬಂದು ಮುಟ್ಟೇವಿ."

ಪಟ್ಟಿ ಹೋದ ಸಾಹೇಬರು

ಬೇವೂರಿನ ಹುಡುಗ ನೌಕರಿ ಮಾಡುತ್ತಲೇ ಪರೀಕ್ಷೆ ಬರೆದು ಪಿ.ಎಸ್.ಐ. ಆದ, ಮುಂದೆ ಇನ್‌ಸ್ಪೆಕ್ಟರ್ ಆದ. ಈಗ ಏಕವಚನ ಸಲ್ಲದು, ಆದರು. ಬೇರೆ ಬೇರೆ ಊರಿಗೆ ಹೋದರೂ ಬಟ್ಟೆ ಮಾತ್ರ ನನ್ನಲ್ಲೇ. ಪ್ರತಿ ಸಲ ಬಂದಾಗಲೂ ಮೊದಲ ಮಾತು, "ಅಕ್ಕಾರ, ಒಂದ ಸುತ್ತಲ್ರಿ?"

ಇತ್ತ ಭಾವ ಅಂಗಡಿಯ ಆಸೆ ಬಿಟ್ಟಿರಲಿಲ್ಲ. ಪ್ರತಿ ದೀಪಾವಳಿಗೂ ಒಮ್ಮೆ ಕರದಂಟಿನ ಮಾತು ತೆಗೆಯುತ್ತಿದ್ದರು. ಆದರೆ ಇನ್‌ಸ್ಪೆಕ್ಟರ್ ಸಾಹೇಬರು ಅಕ್ಕ ಎಂದು ಕರೆಯುವ ಹೆಂಗಸಿನ ತಂಟೆಗೆ ಬರಲು ಅಂಜಿಕೆ. ಸಾಹೇಬರು ನನ್ನ ಪರವಾಗಿ ಯಾರಿಗೂ ಒಂದು ಮಾತು ಹೇಳಿದವರಲ್ಲ, ನಾನೂ ಕೇಳಿದವಳಲ್ಲ. ಆ ಅಂಜಿಕೆ ಭಾವನದೇ ಸ್ವಂತ ಗಳಿಕೆ.

ಹೋದ ವರ್ಷ ಸಾಹೇಬರಿಗೆ ಡಿವೈಎಸ್‌ಪಿ ಬಡ್ತಿ ಬಂತು. ಇನ್‌ಸ್ಪೆಕ್ಟರಿಗೆ ಭುಜದ ಮೇಲೆ ಮೂರು ಸ್ಟಾರು, ಕೆಳಗೆ ಕೆಂಪು-ನೀಲಿ ಪಟ್ಟಿ. ಡಿವೈಎಸ್‌ಪಿ ಆದರೆ ಅದೇ ಮೂರು ಸ್ಟಾರು ಉಳಿಯುತ್ತವೆ, ಪಟ್ಟಿ ಮಾತ್ರ ಹೋಗುತ್ತದೆ. ಈ ಇಲಾಖೆಯಲ್ಲಿ ಮೇಲೆ ಹೋದಂತೆಲ್ಲ ಏನಾದರೊಂದು ಕಿತ್ತುಕೊಳ್ಳುತ್ತಾರೆ.

ನಾನು ಬಾಗಿಲ ಬೆಳಕಿನಲ್ಲಿ ಕುಳಿತು ಅವರ ಅಂಗಿಗಳ ಪಟ್ಟಿ ಬಿಚ್ಚುತ್ತಿದ್ದೆ. ಭಾವ ಕಟ್ಟೆ ಇಳಿದು ಬಂದರು.

"ಯಾರದವಾ ಅಂಗಿ?"

"ಬೇವೂರು ಸಾಹೇಬ್ರದು."

"ಪಟ್ಟಿ ಯಾಕ ಬಿಚ್ಚಾಕತ್ತಿ?"

"ಇನ್ನ ಮ್ಯಾಲ ಅವರಿಗೆ ಪಟ್ಟಿ ಇಲ್ಲ" ಎಂದೆ. ಮುಂದಿನ ಮಾತು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಬಹುದಿತ್ತು. ಆದರೆ ಕೇಳದವರಿಗೆ ಹೇಳುವ ಚಾಳಿ ನನಗಿಲ್ಲ.

ಭಾವನ ಮುಖ ಹೋಳಿಗೆಯಂತೆ ಉಬ್ಬಿತು. ಸಂಜೆಯೊಳಗೆ ಓಣಿಯಲ್ಲಿ ಸುದ್ದಿ: ಸಾಹೇಬನನ್ನು ಇಳಿಸಿದ್ದಾರೆ, ಪಟ್ಟಿ ಕಿತ್ತಿದ್ದಾರೆ, ಇನ್ನು ಆಕೆಗೆ ಯಾರ ಆಸರೆಯೂ ಇಲ್ಲ. ಮರುದಿನವೇ ಅಂಗಡಿ ಖಾಲಿ ಮಾಡಿಸಿಕೊಡಿ ಎಂದು ಅರ್ಜಿ ಬರೆಸಿದರು.

ಅದನ್ನು ಠಾಣೆಗೆ ಕೊಡಲು ಹೊರಟವರು ನಮ್ಮ ಬಾಗಿಲಲ್ಲಿ ಜೀಪು ಕಂಡರು. ಪದವಿ ಇಳಿದ ಸಾಹೇಬನನ್ನು ಕಣ್ಣಾರೆ ನೋಡಿ ಬರೋಣ ಎಂದು ಓಣಿಯ ಇಬ್ಬರು ಹಿರಿಯರನ್ನು ಸಾಕ್ಷಿಗೆ ಕರೆದುಕೊಂಡು ಒಳಗೆ ಬಂದರು. ಸಾಹೇಬರು ಕೈ ಎತ್ತಿ ನಿಂತಿದ್ದರು. ಟೇಪಿನ ತುದಿ ನನ್ನ ಕೈಯಲ್ಲಿತ್ತು.

"ಪಾಪ ಸಾಹೇಬ್ರ," ಎಂದರು ಭಾವ, ಬೆಲ್ಲದಂಥ ದನಿಯಲ್ಲಿ, "ಇಳಿಸಿಬಿಟ್ರಂತಲ್ರಿ. ಏರೂದು ಇಳಿಯೂದು ದೈವದ ಆಟ ಬಿಡ್ರಿ. ನಂದೊಂದು ಅರ್ಜಿ ಐತಿ. ಈಗ ನೀವೇನೂ ಮಾಡಾಕ ಬರಂಗಿಲ್ಲ, ಠಾಣೆದಾಗಿನ ಇನ್‌ಸ್ಪೆಕ್ಟರ್ ಸಾಹೇಬ್ರಿಗೇ ಕೊಡ್ತೇನಿ."

ಸಾಹೇಬರು ಎತ್ತಿದ ಕೈ ಇಳಿಸಲಿಲ್ಲ. ನನ್ನತ್ತ ನೋಡಿದರು. ನಾನು ಟೇಪು ನೋಡಿದೆ.

ಆಗಲೇ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಭುಜದ ಮೇಲೆ ಮೂರು ಸ್ಟಾರು, ಕೆಳಗೆ ಕೆಂಪು-ನೀಲಿ ಪಟ್ಟಿ, ಎಲ್ಲವೂ ಗಟ್ಟಿಯಾಗಿ ಕುಳಿತಿದ್ದವು. ಬಂದವರೇ ಬೂಟು ಕುಟ್ಟಿ, ಪಟ್ಟಿ ಇಲ್ಲದ ಸಾಹೇಬರಿಗೆ ಅಂಗಡಿಯ ಗಾಜು ಅದುರುವಂಥ ಸಲ್ಯೂಟ್ ಹೊಡೆದರು. ಸಾಹೇಬರು ಎರಡೂ ಕೈ ಮೇಲಿದ್ದಂತೆಯೇ ತಲೆಯಾಡಿಸಿದರು.

ಭಾವನ ಕಣ್ಣು ಇವರ ಭುಜದಿಂದ ಅವರ ಭುಜಕ್ಕೆ, ಅವರ ಭುಜದಿಂದ ಇವರ ಭುಜಕ್ಕೆ ಓಡಾಡಿತು. ಅರ್ಜಿ ಮೆಲ್ಲಗೆ ಮಡಿಕೆಯಾಗಿ ಧೋತರದ ಒಳಗೆ ಹೋಯಿತು.

"ಹಿರಿಯರ, ಏನೋ ಅರ್ಜಿ ಅಂದ್ರೆಲ್ಲ?" ಎಂದರು ಸಾಹೇಬರು.

"ಅರ್ಜಿ ಏನಿಲ್ರಿ... ನಾನು... ಅಳತಿ ಕೊಡಾಕ ಬಂದಿದ್ನ್ರಿ."

ಹಿಂದೆ ನಿಂತ ಸಾಕ್ಷಿಗಳಲ್ಲೊಬ್ಬರು ಕೆಮ್ಮಿದರು. ಸಾಹೇಬರು ಬದಿಗೆ ಸರಿದು ಜಾಗ ಬಿಟ್ಟರು. ನಾನು ಟೇಪಿನ ತುದಿಯನ್ನು ಭಾವನ ಮುಂದೆ ಹಿಡಿದೆ.

"ಭಾವಾರ, ಧೋತರದಾಗ ಸಿಗಸ್ಕೋರಿ. ಕೈ ಎತ್ರಿ. ಹಾಂ, ಈಗ ತಿರುಗ್ರಿ."

ಹೆಂಗಸಿಗೆ ಅಳತೆ ಕೊಡುವ ಗಂಡಸನ್ನು ಕಾಣೆ ಎಂದವರು ಇಬ್ಬರು ಸಾಹೇಬರು, ಇಬ್ಬರು ಸಾಕ್ಷಿಗಳ ಎದುರು ಒಂದು ಪೂರ್ತಿ ಸುತ್ತು ತಿರುಗಿದರು. ಹುಟ್ಟಿದಂದಿನಿಂದ ಧೋತರ ಬಿಟ್ಟು ಬೇರೆ ಉಡದ ಮನುಷ್ಯ. ಅಂದು ನನ್ನ ಅಂಗಡಿಯಲ್ಲಿ ಇದ್ದುದು ಒಂದೇ ಬಟ್ಟೆ, ಖಾಕಿ. ಪ್ಯಾಂಟು ಹೊಲಿದು ನಾನೇ ಮನೆಗೆ ಒಯ್ದು ಕೊಟ್ಟೆ. ಬಡ್ತಿಗೆ ಜಾಗ ಬಿಟ್ಟೇ ಹೊಲಿದಿದ್ದೆ.

ಆ ಮೇಲೆ ಅವರು ತಮ್ಮ ಪಾಲು ಮಾರಿದ್ದು ಅಮೀನಗಡದವರಿಗಲ್ಲ, ನನಗೆ. ಈಗ ನಾಲ್ಕೂ ಗೋಡೆ ನನ್ನವು, ಮೂರು ಮಷೀನು ನನ್ನವು, ಬೋರ್ಡಿನ ಮೇಲಿನ ಹೆಸರೂ ನನ್ನದು. ಅದನ್ನು ನಾನೇ ಓದಬಲ್ಲೆ. ತವರಿನವರು ಕೊಟ್ಟ ಇಳಕಲ್ ಸೀರೆ, ಉಡಲು ಒಂದು ದಿನ ಬಿಡುವಾಗದೆ, ಪೆಟ್ಟಿಗೆಯೊಳಗೇ ಮಡಿಕೆಯುದ್ದಕ್ಕೂ ಸೀಳಿತು. ಇಷ್ಟು ವರ್ಷ ಇಲಾಖೆಗೆಲ್ಲ ಕೈ ಎತ್ತಿ ಎಂದವಳ ಬಲಗೈ ಈಗ ಭುಜದಿಂದ ಮೇಲೆ ಏಳುವುದಿಲ್ಲ.