ಹನ್ನೆರಡು ಜೊತೆ ಪಾದಗಳು

ಸಂಜೆ ಆರರೊಳಗೆ ಅಂಬಾದಾಸನಿಗೆ ಹನ್ನೆರಡು ಜೊತೆ ಪಾದಗಳು ಬೇಕಾಗಿದ್ದವು. ಬೆಳಿಗ್ಗೆ ಎಂಟಕ್ಕೆ ಪಾಸ್ಟರ್ ಶಿವಪ್ರಕಾಶರ ಫೋನ್ ಬಂದಾಗ ಅವನ ಹತ್ತಿರ ಇದ್ದದ್ದು ಒಂದೇ ಜೊತೆ, ಅದೂ ಸ್ವಂತದ್ದು.

“ಇವತ್ತ ಪವಿತ್ರ ಗುರುವಾರ ಅಲ್ಲೇನಪಾ? ಸ್ವಾಮಿ ಶಿಷ್ಯರ ಕಾಲು ತೊಳದಂಗ ನಾನೂ ಹನ್ನೆರಡು ಮಂದಿ ಕಾಲು ತೊಳೀಬೇಕು. ಎಲ್ಲಾ ಸಭಾಗಳ ಹೊಸಾ ಮೇಲ್ವಿಚಾರಕ ಸಾಹೇಬ್ರು ನೋಡ್ಲಿಕ್ಕೆ ಬರ್ಲಿಕತ್ತಾರ. ಸಭಾದ ಸೆಕ್ರೆಟರಿ ನೀ ಇದ್ದಿ, ಮಂದಿ ಕೂಡಿಸು.”

“ಕೂಡ್ಲಿಲ್ಲಂದ್ರ ಅಯ್ಯನವರೆ?”

“ಹನ್ನೆರಡು ಮಂದೀನೂ ಮುಂದ ಬರದ ಸಭಾ ಯಾಕ ಬೇಕು ಅಂತಾರ. ಈಸ್ಟರ್ ಮುಗೀತಂದ್ರ ಕನ್ನಡ ಆರಾಧನಿ ಬಂದ್. ಎಲ್ಲಾರೂ ಮರಾಠಿ ಸಭಾಕ್ಕ ನಡೀರಿ ಅಂತಾರ.”

ಮರಾಠಿ ನಾಡಿನ ಪಿಂಪ್ರಿಯ ಕಾರ್ಖಾನೆಯಲ್ಲಿ ಹದಿನಾರು ವರ್ಷ ದುಡಿದರೂ ಅಂಬಾದಾಸನ ಮರಾಠಿ ಬೋಲ್ಟು, ಶಿಫ್ಟು, ಸುಟ್ಟಿ ದಾಟಿ ಮುಂದೆ ಹೋಗಿರಲಿಲ್ಲ. ಆ ಭಾಷೆಯಲ್ಲಿ ಪ್ರಾರ್ಥನೆಗೆ ಕೂತರೆ ದೇವರಿಗೆ ರಜೆಯ ಅರ್ಜಿ ಕೊಟ್ಟ ಹಾಗಾಗುತ್ತಿತ್ತು. ಮನಸ್ಸಿನ ಮಾತು ಬರುತ್ತಿದ್ದದ್ದು ಕನ್ನಡದಲ್ಲಿ, ಭಾನುವಾರ ಒಂಬತ್ತಕ್ಕೆ, ತಾಯಿ ಸಾವಂತ್ರವ್ವನ ಪಕ್ಕದಲ್ಲಿ ಕೂತಾಗ ಮಾತ್ರ.

ಕಾರ್ಖಾನೆಗೆ ರಜೆ ಹಾಕಿ ಮೊದಲು ಹಿರಿಯ ಭೀಮಣ್ಣನ ಮನೆಗೆ ಓಡಿದ.

“ಅಯ್ಯನವರು ನನ್ನ ಕಾಲು ಮುಟ್ಟೂದಾ?” ಭೀಮಣ್ಣ ಕಾಲುಗಳನ್ನು ಖುರ್ಚಿಯ ಕೆಳಗೆ ಎಳೆದುಕೊಂಡ. “ಪಾಪ ಹತ್ತತದಲೇ ನನಗ! ನಾನs ತೊಳೀತೀನಿ ಬೇಕಾದ್ರ.”

“ತೊಳಿಯಾವ್ರು ಅಯ್ಯನವರು ಅದಾರ ಕಾಕಾ. ತೊಳಿಸ್ಕೊಳ್ಳಾವ್ರು ಬೇಕು.”

“ಹಂಗಾದ್ರ ನನ್ನ ಹೆಸರು ತೊಳಿಯಾವ್ರ ಪಟ್ಟಿಯೊಳಗ ಬರಕೋ.”

ಈರಬಸಪ್ಪನೂ ಅದನ್ನೇ ಹೇಳಿದ. ಚನ್ನವೀರ ತನ್ನದೇ ಟವೆಲ್ ತರುತ್ತೇನೆಂದ. ತಪ್ಪು ಪಾಸ್ಟರರದೇ. ದೊಡ್ಡವನಾಗಬೇಕಾದರೆ ಎಲ್ಲರ ಸೇವಕನಾಗಬೇಕು ಎಂದು ಮೂರು ಭಾನುವಾರ ಬಿಡದೆ ಬೋಧಿಸಿದ್ದರು. ಈಗ ಸಭೆಯಲ್ಲಿ ಸೇವಕನಾಗಲು ಒಪ್ಪದ ಗಂಡಸೇ ಇರಲಿಲ್ಲ. ಮಧ್ಯಾಹ್ನ ಒಂದಕ್ಕೆ ಅಂಬಾದಾಸನ ಚೀಟಿಯಲ್ಲಿ ತೊಳೆಯುವವರು ಹನ್ನೊಂದು, ತೊಳೆಸಿಕೊಳ್ಳುವವನು ಒಬ್ಬ.

ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಚೀಟಿಯನ್ನೇ ನೋಡುತ್ತಿದ್ದ. ಸಾವಂತ್ರವ್ವ ಅದನ್ನು ಕಸಿದುಕೊಂಡಳು.

“ಇಷ್ಟಕ್ಕs ಹಿಂಗ ಮಾರಿ ಮಾಡ್ಕೊಂಡಿಯೇನು? ಕೊಡು ಫೋನು.” ನಂಬರು ಹಚ್ಚಿದಳು. “ಏ ಭೀಮಣ್ಣಾ, ನೀವೇನೂ ಬರಬ್ಯಾಡ್ರಿ. ನಾವು ಹನ್ನೆರಡು ಮಂದಿ ಹೆಣ್ಮಕ್ಕಳು ಮುಂದಿನ ಸಾಲಿನ್ಯಾಗ ಕುಂದರ್ತೀವಿ. ನೀವು ಹಿಂದ ನಿಂತು ನೋಡ್ರಿ!”

ಸುದ್ದಿ ಹಬ್ಬಿ ಹತ್ತು ನಿಮಿಷದಲ್ಲಿ ಹನ್ನೊಂದೂ ಗಂಡಸರ ಫೋನು ಬಂತು, ಕಾಲು ತೊಳೆಸಿಕೊಳ್ಳಲು ತಯಾರು ಎಂದು. ಮುಂದಿನ ಸಾಲು ಯಾರಿಗೂ ಬಿಟ್ಟುಕೊಡುವ ಮಾತೇ ಇರಲಿಲ್ಲ.

ಐದು ಗಂಟೆಗೆ ಸಭೆಯ ಹಾಲ್‌ಗೆ ಬಂದು ಖುರ್ಚಿಗಳನ್ನು ಎರಡು ಸಲ ಎಣಿಸಿ, ಕಾಲಿಡುವ ಅಗಲವಾದ ಹಿತ್ತಾಳೆಯ ಪರಾತ ತಿಕ್ಕಿಟ್ಟು, ಅಂಬಾದಾಸ ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟ. ಅಷ್ಟರಲ್ಲಿ ಹಿತ್ತಲಿಂದ ಗರಗಸ ಎಳೆದಂತಹ ಸದ್ದು ಬಂತು. ಹೋಗಿ ನೋಡಿದರೆ ಹನ್ನೊಂದೂ ಮಂದಿ ನಳದ ಸುತ್ತ ಕೂತು ಕಾಲು ಉಜ್ಜುತ್ತಿದ್ದಾರೆ! ಭೀಮಣ್ಣ ಕಲ್ಲಿನಿಂದ, ಈರಬಸಪ್ಪ ಬಟ್ಟೆ ತಿಕ್ಕುವ ಬ್ರಷ್ಷಿನಿಂದ, ಚನ್ನವೀರ ತೆಂಗಿನ ನಾರಿನಿಂದ.

“ಏನ್ ನಡಸೀರಿ ಇದು?”

“ದಿನಾ ಹತ್ತು ತಾಸು ಕಾರ್ಖಾನಿ ಬೂಟಿನ್ಯಾಗ ಇರೂ ಕಾಲು,” ಎಂದ ಚನ್ನವೀರ. “ಹಂಗs ಅಯ್ಯನವರ ಕೈಯಾಗ ಇಡ್ಲಿಕ್ಕೆ ಬರ್ತದೇನು? ಸ್ವಚ್ಛ ಮಾಡ್ಕೊಂಡು ತೊಳಿಸ್ಕೋತೀವಿ.”

ನೀರು ಉಳಿದಿದೆಯೇ ಎಂದು ಅಂಬಾದಾಸ ಹಾರಿ ನಳ ತಿರುಗಿಸಿದ. ನಳ ಮುದುಕನ ಹಾಗೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಗುರುವಾರ ಪಾಲಿಕೆಯ ನೀರು ಬಂದ್. ಟಾಕಿಯಲ್ಲಿ ತುಂಬಿಟ್ಟಿದ್ದ ನೀರೆಲ್ಲ ಹನ್ನೊಂದು ಜೊತೆ ಹಿಮ್ಮಡಿಗಳ ಮೇಲಿಂದ ಗಟಾರಕ್ಕೆ ಹೋಗಿತ್ತು. ಗಂಟೆ ಐದೂವರೆ.

ಎರಡು ಬಕೆಟ್ ಹಿಡಿದು ಪಕ್ಕದ ಅಪಾರ್ಟ್‌ಮೆಂಟ್ ಸೊಸೈಟಿಗೆ ಓಡಿದ. ಕಾವಲುಗಾರ ಮರಾಠಿಯಲ್ಲಿ, ಏತಕ್ಕೆ ನೀರು ಎಂದು ಕೇಳಿದ. ಕಾಲು ತೊಳೆಯಲಿಕ್ಕೆ ಎಂದು ಅಂಬಾದಾಸ ತನ್ನ ಬೋಲ್ಟು-ಶಿಫ್ಟಿನ ಮರಾಠಿಯಲ್ಲಿ ಹೇಳಿದ.

“ಕುಡಿಯಲು ಜನಕ್ಕೆ ನೀರಿಲ್ಲ, ಇವರಿಗೆ ಕಾಲು ತೊಳೆಯಬೇಕಂತೆ!” ಕಾವಲುಗಾರ ಇಡೀ ಸೊಸೈಟಿಗೆ ಕೇಳುವಂತೆ ಕೂಗಿದ. ಆಮೇಲೆ ಕರಾರು ಹಾಕಿದ. ಲಿಫ್ಟ್ ಕೆಟ್ಟಿದೆ, ಮೂರನೇ ಮಹಡಿಯ ಅಜ್ಜಿಗೆ ಮೊದಲು ನಾಲ್ಕು ಬಕೆಟ್ ಹೊತ್ತು ಕೊಟ್ಟರೆ ಇವನಿಗೆ ಎರಡು.

ಅಂಬಾದಾಸ ಹತ್ತಿದ, ಇಳಿದ, ಮತ್ತೆ ಹತ್ತಿದ. ಕೊನೆಗೆ ತನ್ನ ಎರಡು ಬಕೆಟ್ ಎತ್ತಿಕೊಂಡು ಓಡುವಾಗ ಪೈಪಿಗೆಂದು ಅಗೆದಿದ್ದ ರಸ್ತೆಯ ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತುಹೋದ. ಚಪ್ಪಲಿ ಅಲ್ಲೇ ಉಳಿಯಿತು. ಹಾಲ್‌ನ ಗೇಟಿನಲ್ಲಿ ಯಾರೋ ಬಿಳಿ ಬಟ್ಟೆಯ ಮುದುಕರು ದಾರಿಗೆ ಅಡ್ಡವಾಗಿ ನಿಂತಿದ್ದರು.

“ಕಂಬ ನಿಂತಂಗ ಏನ್ ನಿಂತೀರಿ ಅಜ್ಜಾರ? ಹಿಡೀರಿ ಈ ಬಕೆಟ್ಟು! ಚೆಲ್ಲಬ್ಯಾಡ್ರಿ ಮತ್ತ!”

ಮುದುಕರು ಬಕೆಟ್ ಹಿಡಿದು ಹಿಂದೆ ಬಂದರು. ಒಳಗಿದ್ದ ಎಪ್ಪತ್ತು ಮಂದಿಯೂ ಒಟ್ಟಿಗೆ ಎದ್ದು ನಿಂತರು. ಪಾಸ್ಟರ್ ಶಿವಪ್ರಕಾಶರು ಓಡಿ ಬಂದು ಕೈ ಮುಗಿದರು.

“ವಂದನಿ ಮೇಲ್ವಿಚಾರಕ ಸಾಹೇಬ್ರ,” ಎಂದರು ಅವರು, ಬಕೆಟ್ಟನ್ನು ನೋಡುತ್ತ.

ಅಂಬಾದಾಸ ಹನ್ನೆರಡನೇ ಖುರ್ಚಿಯಲ್ಲಿ ಕುಸಿದ. ಹೋಯಿತು, ಎಲ್ಲ ಹೋಯಿತು. ಕನ್ನಡ ಆರಾಧನೆಯನ್ನು ತನ್ನ ಕೈಯಾರೆ ಮುಗಿಸಿದೆ ಎಂದು ತಲೆ ತಗ್ಗಿಸಿದ.

ಪಾಸ್ಟರರು ತೊಳೆಯುತ್ತ ಬಂದರು. ಹನ್ನೊಂದು ಜೊತೆ ಪಾದಗಳ ಮೇಲೆ ಹರಿದ ನೀರು ಪರಾತದಲ್ಲಿ ತಿಳಿಯಾಗಿಯೇ ನಿಂತಿತ್ತು. ಅಂಬಾದಾಸನ ಸರದಿ ಬಂದಾಗ ಮೇಲ್ವಿಚಾರಕರು ಎದ್ದು ಬಂದು, ಪಾಸ್ಟರರ ಕೈಯಿಂದ ಟವೆಲ್ ತೆಗೆದುಕೊಂಡು, ತಾವೇ ಮೊಣಕಾಲೂರಿ ಕೂತರು. ಅವನು ಕಾಲಿಡುತ್ತಲೇ ಪರಾತ ಚಹದ ಬಣ್ಣಕ್ಕೆ ತಿರುಗಿತು.

“ಇವತ್ತ ತೊಳಿಯೂವಂಥ ಕಾಲು ಇವೊಂದs ನೋಡ್ರಿ,” ಎಂದರು ಅವರು ಬೆರಳ ಸಂದಿಯ ಕೆಸರು ತೆಗೆಯುತ್ತ. “ಎಲ್ಲಾರಿಗೂ ನೀರು ಹೊತ್ತು ತರೂ ಮನಷ್ಯಾ ಇರೂ ಸಭಾನ ನಾ ಹ್ಯಾಂಗ ಮುಚ್ಚಲಿ? ನಿಮ್ಮ ಕನ್ನಡ ಆರಾಧನಿ ನಡೀಲಿ.”

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಸಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಬಾದಾಸ ಎದ್ದು ಕೈ ಮುಗಿಯಲು ಹೋದ. ಮೇಲ್ವಿಚಾರಕರು ಮಾತ್ರ ಅವನ ಕಾಲು ಬಿಟ್ಟಿರಲಿಲ್ಲ.

“ಒಂದು ಬೇಡ್ಕೋತೀನಿ ತಮ್ಮಾ. ನಮ್ಮ ಮರಾಠಿ ಸಭಾದಾಗ ಮುನ್ನೂರು ಮಂದಿ ಅದಾರ. ನೀರು ಹೊರಾವ ಒಬ್ಬನೂ ಇಲ್ಲ. ಈ ಆದಿತ್ಯವಾರದಿಂದ ಅಲ್ಲಿ ಸೆಕ್ರೆಟರಿ ನೀನs ಆಗು. ಅಲ್ಲೂ ಒಂಬತ್ತಕ್ಕs ಆರಾಧನಿ.”

“ಸಾಹೇಬ್ರ, ನನಗ ಮರಾಠಿ...”

“ಇಲ್ಲಿ ಸಭಾದ ಚಿಂತಿ ಬಿಡಪಾ,” ಪಕ್ಕದ ಖುರ್ಚಿಯಿಂದ ಭೀಮಣ್ಣ ಬೆನ್ನು ತಟ್ಟಿದ. “ನಿನ್ನ ಜಾಗಾದಾಗ ನಾ ಸೇವಾ ಮಾಡ್ತೀನಿ.”

ಮೇಲ್ವಿಚಾರಕರು ಒದ್ದೆ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಎತ್ತಿ, ಉತ್ತರಕ್ಕೆ ಕಾಯುತ್ತಿದ್ದರು. ಅಂಬಾದಾಸ ಸಹಾಯಕ್ಕಾಗಿ ಹಿಂದೆ ತಿರುಗಿ ತಾಯಿಯನ್ನು ನೋಡಿದ.

“ಹೂಂ ಅನ್ನು ಲಗೂನ, ಮೂಳಾ!” ಎಂದು ಸಾವಂತ್ರವ್ವ ಗದರಿದಳು. “ಸಾಹೇಬ್ರ ಮೊಣಕಾಲು ನೋಯ್ತಾವ!”